ಹಿಮ್ಮುಖ ವಿದ್ಯುತ್ ಹರಿವಿಗೆ ವೋಲ್ಟೇಜ್ ರೆಗ್ಯುಲೇಟರ್ ನಿಯಂತ್ರಕ: ಸಿಎಲ್-6 ಮತ್ತು ಸಿಎಲ್-7ರ ವಿಮರ್ಶೆ

ಈಟನ್ ಕಂಪನಿಯ ಕೂಪರ್ ಪವರ್ ಸರಣಿಯ ಸಿಎಲ್-6 ಮತ್ತು ಅದರ ನಂತರ ಬಂದ ಸಿಎಲ್-7 ನಿಯಂತ್ರಕಗಳನ್ನು ಒಂದೇ ಒಂದು ದೃಷ್ಟಿಯಿಂದ ಇಲ್ಲಿ ಪರಿಶೀಲಿಸಿದ್ದೇನೆ. ಫೀಡರ್‌ನ (ಸಬ್‌ಸ್ಟೇಷನ್‌ನಿಂದ ಗ್ರಾಹಕರತ್ತ ಹೋಗುವ ವಿತರಣಾ ಲೈನಿನ) ಮೇಲೆ ಸೌರ ಸ್ಥಾವರಗಳೂ ಮೇಲ್ಛಾವಣಿ ಇನ್ವರ್ಟರ್‌ಗಳೂ ಸೇರಿಕೊಂಡು, ಮಧ್ಯಾಹ್ನದ ಹೊತ್ತಿಗೆ ವಿದ್ಯುತ್ತು ರೆಗ್ಯುಲೇಟರ್ (ಲೈನಿನ ವೋಲ್ಟೇಜನ್ನು ಹಂತ ಹಂತವಾಗಿ ಏರಿಸಿ ಇಳಿಸುವ ಸಾಧನ) ಮೂಲಕ ಸಬ್‌ಸ್ಟೇಷನ್ ಕಡೆಗೆ ಹಿಂದಿರುಗಿ ಹರಿಯತೊಡಗಿದಾಗ ಈ ನಿಯಂತ್ರಕಗಳು ಏನು ಮಾಡುತ್ತವೆ, ಅವುಗಳಿಂದ ಸರಿಯಾದ ಕೆಲಸ ಮಾಡಿಸಿಕೊಳ್ಳಲು ಏನನ್ನು ಹೊಂದಿಸಬೇಕು ಎಂಬುದಷ್ಟೇ ಇಲ್ಲಿನ ವಿಷಯ. ಅಳತೆಯ ನಿಖರತೆ, ಸಂವಹನ ಪ್ರೋಟೋಕಾಲ್, ದಾಖಲೆಗಳ ಸಂಗ್ರಹ ಮುಂತಾದವುಗಳ ಬಗ್ಗೆ ಬೇರೆಡೆ ಸಾಕಷ್ಟು ಬರಹ ಸಿಗುತ್ತದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳುವುದಾದರೆ, ಸಾಧನ ಉತ್ತಮವಾದದ್ದು ಮತ್ತು ಈ ಸಮಸ್ಯೆಗೆ ಬೇಕಾದ ವಿಧಾನ ಅದರೊಳಗೇ ಇದೆ. ಆದರೆ ಆ ವಿಧಾನವನ್ನು ಆರಿಸುವ ಹೊಣೆ ಪೂರ್ತಿಯಾಗಿ ಎಂಜಿನಿಯರ್ ಮೇಲೆ ಬೀಳುತ್ತದೆ. ಅವಸರದಲ್ಲಿ ಮೆನುವಿನ ಹೆಸರುಗಳನ್ನಷ್ಟೇ ಓದಿ ಆಯ್ಕೆ ಮಾಡಿದರೆ ಇಡೀ ಫೀಡರ್‌ನ ವೋಲ್ಟೇಜ್ ಕೆಡುತ್ತದೆ.

ಸಾಮಾನ್ಯ ಸ್ಟೆಪ್ ವೋಲ್ಟೇಜ್ ರೆಗ್ಯುಲೇಟರ್‌ಗೆ 32 ಹಂತಗಳು, ಅಂದರೆ ಟ್ಯಾಪ್‌ಗಳು, ಇರುತ್ತವೆ: ನ್ಯೂಟ್ರಲ್‌ನಿಂದ ಮೇಲಕ್ಕೆ 16, ಕೆಳಕ್ಕೆ 16. ಒಟ್ಟು ವ್ಯಾಪ್ತಿ ಶೇಕಡಾ 10 ಹೆಚ್ಚು, ಶೇಕಡಾ 10 ಕಡಿಮೆ. ಪ್ರತಿ ಹಂತಕ್ಕೆ ಶೇಕಡಾ 0.625, ಅಂದರೆ ಲೈನಿನ ನಾಮಿಕ ವೋಲ್ಟೇಜನ್ನು 120 ಎಂದು ಹಿಡಿಯುವ ಆಧಾರದಲ್ಲಿ 0.75 ವೋಲ್ಟ್. ನಿಯಂತ್ರಕವು ಲೋಡ್ ಬುಷಿಂಗ್ (ರೆಗ್ಯುಲೇಟರ್‌ನ ಗ್ರಾಹಕರತ್ತಲಿನ ತುದಿ; ಸಬ್‌ಸ್ಟೇಷನ್ನಿನತ್ತಲಿನದು ಸೋರ್ಸ್ ಬುಷಿಂಗ್) ಕಡೆಯ ವೋಲ್ಟೇಜನ್ನು ನೋಡಿ, ಅದು ಸೆಟ್ ವೋಲ್ಟೇಜಿನ ಸುತ್ತಲಿನ ಬ್ಯಾಂಡ್‌ವಿಡ್ತ್‌ನಿಂದ ಹೊರಗೆ ಹೋಗಿ ಟೈಮ್ ಡಿಲೇ ಮುಗಿಯುವವರೆಗೂ ಹೊರಗೇ ಉಳಿದರೆ ಟ್ಯಾಪ್ ಬದಲಿಸುತ್ತದೆ. ಈ ಸರಳ ತರ್ಕದ ಹಿಂದೆ, ಸೋರ್ಸ್ ಬುಷಿಂಗ್ ಕಡೆ ಬಲವಾದ ಮೂಲವಿದೆ ಮತ್ತು ಲೋಡ್ ಬುಷಿಂಗ್ ಕಡೆಯ ವೋಲ್ಟೇಜ್ ಟ್ಯಾಪ್‌ನ ಮಾತು ಕೇಳುತ್ತದೆ ಎಂಬ ಗ್ರಹಿಕೆ ಇದೆ. ಫೀಡರ್‌ಗೆ ಇನ್ನೊಂದು ಸಬ್‌ಸ್ಟೇಷನ್‌ನಿಂದ ಟೈ ಸ್ವಿಚ್ (ಎರಡು ಫೀಡರ್‌ಗಳನ್ನು ಜೋಡಿಸುವ ಸ್ವಿಚ್) ಮೂಲಕ ವಿದ್ಯುತ್ ಕೊಟ್ಟಾಗ ಈ ಗ್ರಹಿಕೆ ತಲೆಕೆಳಗಾಗುತ್ತದೆ. ಸೌರ ಸ್ಥಾವರ ವಿದ್ಯುತ್ತನ್ನು ಹಿಂದಕ್ಕೆ ತಳ್ಳಿದಾಗ ಅದು ತಲೆಕೆಳಗಾಗುವುದಿಲ್ಲ, ಏಕೆಂದರೆ ಬಲವಾದ ಮೂಲ ಆಗಲೂ ಸಬ್‌ಸ್ಟೇಷನ್ನೇ. ಎರಡೂ ಸಂದರ್ಭಗಳಲ್ಲಿ ನಿಯಂತ್ರಕದ ಕಣ್ಣಿಗೆ ಬೀಳುವುದು ಒಂದೇ ಸಂಕೇತ: ಕರೆಂಟಿನ ವಾಸ್ತವ ಭಾಗದ, ಅಂದರೆ ಕೆಲಸ ಮಾಡುವ ಭಾಗದ, ದಿಕ್ಕು ತಿರುಗಿದೆ. ಹಿಮ್ಮುಖ ಹರಿವಿನ ಹೊಂದಾಣಿಕೆಯ ಕಷ್ಟವೆಲ್ಲ ಈ ಒಂದು ಸಂಕೇತಕ್ಕೆ ಎರಡು ಅರ್ಥಗಳಿರುವುದರಲ್ಲಿದೆ.

ಸಿಎಲ್-6ರಲ್ಲೂ ಸಿಎಲ್-7ರಲ್ಲೂ ಫಂಕ್ಷನ್ ಕೋಡ್ (ಮೆನುವಿನಲ್ಲಿ ಸೆಟ್ಟಿಂಗಿಗೆ ಇರುವ ಸಂಖ್ಯೆ) 56ರಲ್ಲಿ ಹಿಮ್ಮುಖ ವಿಧಾನವನ್ನು ಆರಿಸಬೇಕು. ಎರಡಕ್ಕೂ ಸಾಮಾನ್ಯವಾದ ಏಳು ವಿಧಾನಗಳಿವೆ: ಲಾಕ್ಡ್ ಫಾರ್ವರ್ಡ್, ಲಾಕ್ಡ್ ರಿವರ್ಸ್, ರಿವರ್ಸ್ ಐಡಲ್, ಬೈ-ಡೈರೆಕ್ಷನಲ್, ನ್ಯೂಟ್ರಲ್ ಐಡಲ್, ಕೋ-ಜನರೇಷನ್ ಮತ್ತು ರಿಯಾಕ್ಟಿವ್ ಬೈ-ಡೈರೆಕ್ಷನಲ್. ಪಟ್ಟಿಯನ್ನು ಮೊದಲ ಸಲ ನೋಡಿದವರ ಕೈ ಸಹಜವಾಗಿಯೇ ಬೈ-ಡೈರೆಕ್ಷನಲ್ ಕಡೆಗೆ ಹೋಗುತ್ತದೆ. ವಿದ್ಯುತ್ತು ಎರಡೂ ದಿಕ್ಕಿಗೆ ಹರಿಯುತ್ತದೆ, ಆದ್ದರಿಂದ ಎರಡೂ ದಿಕ್ಕಿನ ವಿಧಾನ ಬೇಕು ಎಂಬ ಆಲೋಚನೆ ಮೇಲ್ನೋಟಕ್ಕೆ ಸರಿಯಾಗಿಯೇ ಕಾಣುತ್ತದೆ. ವಿತರಿತ ಉತ್ಪಾದನೆ ಇರುವ ಫೀಡರ್‌ನಲ್ಲಿ ಮಾಡಬಹುದಾದ ಅತ್ಯಂತ ಅಪಾಯಕಾರಿ ಆಯ್ಕೆ ಅದೇ ಆಗಿರುವುದರಿಂದ, ಅಲ್ಲಿ ಏನಾಗುತ್ತದೆ ಎಂಬುದನ್ನು ಅಂಕಿಗಳೊಂದಿಗೆ ನೋಡುವುದು ಅಗತ್ಯ.

ಸಬ್‌ಸ್ಟೇಷನ್ ಕಡೆಯ ವೋಲ್ಟೇಜ್ 120ರ ಆಧಾರದಲ್ಲಿ 123 ಇದೆ ಎಂದಿಟ್ಟುಕೊಳ್ಳೋಣ. ಹಿಮ್ಮುಖ ಸೆಟ್ ವೋಲ್ಟೇಜ್ 120, ಬ್ಯಾಂಡ್‌ವಿಡ್ತ್ 2 (ಅಂದರೆ 119ರಿಂದ 121), ಟ್ಯಾಪ್ ನ್ಯೂಟ್ರಲ್‌ನಲ್ಲಿದೆ. ಬಿಸಿಲೇರಿ ಕರೆಂಟು ಹಿಮ್ಮುಖವಾದ ಕೂಡಲೇ ಬೈ-ಡೈರೆಕ್ಷನಲ್ ವಿಧಾನ ಲೋಡ್ ಕಡೆಯನ್ನು ಬಿಟ್ಟು ಸೋರ್ಸ್ ಬುಷಿಂಗ್ ಕಡೆಯ ವೋಲ್ಟೇಜನ್ನು ನಿಯಂತ್ರಿಸಲು ಹೊರಡುತ್ತದೆ. ಅಲ್ಲಿ 121ಕ್ಕಿಂತ ಹೆಚ್ಚಿದೆ, ಅದನ್ನು ಇಳಿಸಬೇಕು. ಲೋಡ್ ಕಡೆ ಸ್ಥಿರವಾಗಿದೆ ಎಂದು ಭಾವಿಸಿ ಸೋರ್ಸ್ ಕಡೆಯನ್ನು ಇಳಿಸಬೇಕಾದರೆ ಟ್ಯಾಪನ್ನು ಮೇಲಕ್ಕೆ ಒಯ್ಯಬೇಕು. ಡಿಲೇ ಮುಗಿದ ಮೇಲೆ ಮೊದಲ ಟ್ಯಾಪ್ ಬದಲಾಗುತ್ತದೆ. ಸೋರ್ಸ್ ಕಡೆಯ 123 ಅಲ್ಲಾಡುವುದಿಲ್ಲ, ಏಕೆಂದರೆ ಅದನ್ನು ಹಿಡಿದಿರುವುದು ಇಡೀ ಪ್ರಸರಣ ಜಾಲ. ಬದಲಿಗೆ ಲೋಡ್ ಕಡೆಯ ವೋಲ್ಟೇಜ್ ಒಂದು ಹಂತ ಏರುತ್ತದೆ. ನಿಯಂತ್ರಕಕ್ಕೆ ತನ್ನ ಕೆಲಸ ಆಗಲಿಲ್ಲವೆಂದಷ್ಟೇ ಗೊತ್ತಾಗುವುದರಿಂದ ಅದು ಮತ್ತೆ ಟ್ಯಾಪ್ ಏರಿಸುತ್ತದೆ. ನಾಲ್ಕನೆಯ ಹಂತಕ್ಕೆ ಗ್ರಾಹಕರ ಕಡೆಯ ವೋಲ್ಟೇಜ್ 126 ದಾಟುತ್ತದೆ, ಅದು ಅಮೆರಿಕದ ವೋಲ್ಟೇಜ್ ಮಾನದಂಡವಾದ ಎಎನ್‌ಎಸ್‌ಐ ಸಿ84.1ರ ಎ ಶ್ರೇಣಿಯ ಮೇಲ್ಮಿತಿ. ಹನ್ನೆರಡನೆಯ ಹಂತಕ್ಕೆ 132 ದಾಟುತ್ತದೆ. ಅಲ್ಲಿಯೂ ನಿಲ್ಲದಿದ್ದರೆ 16ನೆಯ ಹಂತದಲ್ಲಿ 135.3 ವೋಲ್ಟ್.

132 ವೋಲ್ಟ್ ಎಂದರೆ ನಾಮಿಕ ವೋಲ್ಟೇಜಿನ 1.10 ಪಟ್ಟು. ವಿತರಿತ ಉತ್ಪಾದನೆಯನ್ನು ಜಾಲಕ್ಕೆ ಜೋಡಿಸುವ ಮಾನದಂಡವಾದ ಐಇಇಇ 1547-2018ರ ಸಾಮಾನ್ಯ ಸೆಟ್ಟಿಂಗಿನಂತೆ ಆ ಮಟ್ಟವನ್ನು ಮೀರಿ, ಸಾಧನದ ವರ್ಗಕ್ಕೆ ತಕ್ಕಂತೆ 2 ಅಥವಾ 13 ಸೆಕೆಂಡುಗಳಾದರೆ ಇನ್ವರ್ಟರ್‌ಗಳು ಜಾಲದಿಂದ ಕಳಚಿಕೊಳ್ಳುತ್ತವೆ. ಉತ್ಪಾದನೆ ಒಮ್ಮೆಲೇ ನಿಂತಾಗ ಹರಿವು ಮುಮ್ಮುಖಕ್ಕೆ ಮರಳುತ್ತದೆ. ಆದರೆ ಟ್ಯಾಪ್ ಮೇಲೆಯೇ ಇರುತ್ತದೆ, ಮುಮ್ಮುಖ ಡಿಲೇ ಮುಗಿದು ಒಂದೊಂದೇ ಹಂತ ಇಳಿಯುವವರೆಗೆ ಗ್ರಾಹಕರು ಆ ಹೆಚ್ಚಿನ ವೋಲ್ಟೇಜನ್ನೇ ಸಹಿಸಬೇಕು. ಹೇಗೋ ವೋಲ್ಟೇಜ್ ಸರಿಹೋಯಿತು ಎನ್ನುವಷ್ಟರಲ್ಲಿ, ಸಾಮಾನ್ಯ ಸೆಟ್ಟಿಂಗಿನ 300 ಸೆಕೆಂಡುಗಳ ಕಾಯುವಿಕೆ ಮುಗಿಸಿ ಇನ್ವರ್ಟರ್‌ಗಳು ಮತ್ತೆ ಜಾಲಕ್ಕೆ ಸೇರುತ್ತವೆ, ಹರಿವು ಮತ್ತೆ ಹಿಮ್ಮುಖವಾಗುತ್ತದೆ, ಟ್ಯಾಪ್ ಮತ್ತೆ ಮೇಲೇರತೊಡಗುತ್ತದೆ. ಬಿಸಿಲಿರುವ ತನಕ ಈ ಚಕ್ರ ಸುತ್ತುತ್ತಲೇ ಇರುತ್ತದೆ. ಸಬ್‌ಸ್ಟೇಷನ್ ಕಡೆಯ ವೋಲ್ಟೇಜ್ ಸೆಟ್ ಮಟ್ಟಕ್ಕಿಂತ ಕಡಿಮೆಯಿದ್ದರೆ ಇದೇ ಓಟ ಕೆಳಮುಖವಾಗಿ ನಡೆಯುತ್ತದೆ: 118 ವೋಲ್ಟ್ ಇರುವಲ್ಲಿ ಕೆಳಗಿನ ಕೊನೆಯ ಟ್ಯಾಪ್‌ನಲ್ಲಿ ಲೋಡ್ ಕಡೆ ಸುಮಾರು 106 ಉಳಿಯುತ್ತದೆ. ಹೊರಗಿನಿಂದ ನೋಡುವವರಿಗೆ ಇದು ಇನ್ವರ್ಟರ್‌ಗಳ ದೋಷವೆಂದು ಕಾಣುವ ಸಾಧ್ಯತೆ ಹೆಚ್ಚು, ಏಕೆಂದರೆ ದೂರು ಬರುವುದು ಇನ್ವರ್ಟರ್ ಟ್ರಿಪ್ ಆದ ಮನೆಗಳಿಂದ. ಟ್ಯಾಪ್ ಕಾರ್ಯಾಚರಣೆಯ ಎಣಿಕೆಯನ್ನೂ ಟ್ಯಾಪ್ ಮುಟ್ಟಿದ ಗರಿಷ್ಠ ಸ್ಥಾನವನ್ನೂ ನೋಡಿದರೆ ಮಾತ್ರ ನಿಜವಾದ ಕಾರಣ ತಿಳಿಯುತ್ತದೆ.

ಈ ಸಂದರ್ಭಕ್ಕೆಂದೇ ಮಾಡಿದ ವಿಧಾನ ಕೋ-ಜನರೇಷನ್. ಹರಿವು ಯಾವ ದಿಕ್ಕಿಗಿದ್ದರೂ ಅದು ಲೋಡ್ ಬುಷಿಂಗ್ ಕಡೆಯ ವೋಲ್ಟೇಜನ್ನೇ ನಿಯಂತ್ರಿಸುತ್ತದೆ. ಸೋರ್ಸ್ ಕಡೆಯ ವೋಲ್ಟೇಜ್ ಅದಕ್ಕೆ ಬೇಕಾಗುವುದೇ ಇಲ್ಲ, ಆದ್ದರಿಂದ ವೋಲ್ಟೇಜ್ ಅಳೆಯಲು ಹೆಚ್ಚುವರಿ ಪೊಟೆನ್ಷಿಯಲ್ ಟ್ರಾನ್ಸ್‌ಫಾರ್ಮರ್ ಹಾಕುವ ಖರ್ಚೂ ಇಲ್ಲ. ಕರೆಂಟು ಹಿಮ್ಮುಖವಾದಾಗ ಅದರಲ್ಲಿ ಬದಲಾಗುವುದು ಲೈನ್ ಡ್ರಾಪ್ ಕಾಂಪೆನ್ಸೇಷನ್‌ನ (ಲೈನಿನಲ್ಲಿ ಕುಸಿಯುವ ವೋಲ್ಟೇಜಿಗೆ ಕರೆಂಟನ್ನು ನೋಡಿ ಕೊಡುವ ಪರಿಹಾರದ) ಅಂಕಿಗಳಷ್ಟೇ: ಮುಮ್ಮುಖಕ್ಕೆ ಫಂಕ್ಷನ್ ಕೋಡ್ 4 ಮತ್ತು 5ರಲ್ಲಿನ ರೆಸಿಸ್ಟೆನ್ಸ್, ರಿಯಾಕ್ಟೆನ್ಸ್ ಅಂಕಿಗಳು, ಹಿಮ್ಮುಖಕ್ಕೆ 54 ಮತ್ತು 55ರಲ್ಲಿನ ಅಂಕಿಗಳು. ವಿನ್ಯಾಸಕಾರರು ಈ ಎರಡು ಜೋಡಿಗಳನ್ನು ಬೇರೆ ಬೇರೆ ಇಟ್ಟಿರುವುದು ನನಗೆ ಈ ಸಾಧನದಲ್ಲಿ ಅತ್ಯಂತ ಮೆಚ್ಚುಗೆಯಾದ ಅಂಶ, ಅದರ ಹಿಂದೆ ಫೀಡರ್‌ನ ನಿಜಸ್ಥಿತಿ ಬಲ್ಲವರ ತಿಳಿವಳಿಕೆ ಇದೆ.

ಹೀಗೆ ಬೇರೆ ಬೇರೆ ಇಟ್ಟಿರುವುದರ ಬೆಲೆ ಏನೆಂಬುದನ್ನು ಒಂದು ಲೆಕ್ಕದಿಂದ ತೋರಿಸಬಹುದು. ಕರೆಂಟನ್ನು ಅಳೆಯುವ ಕರೆಂಟ್ ಟ್ರಾನ್ಸ್‌ಫಾರ್ಮರ್‌ನ ಪ್ರೈಮರಿ ಮಟ್ಟ 400 ಆಂಪಿಯರ್, ಆ ಪೂರ್ತಿ ಕರೆಂಟಿಗೆ ರೆಸಿಸ್ಟೆನ್ಸ್ ಸೆಟ್ಟಿಂಗ್ 6 ವೋಲ್ಟ್, ಸೆಟ್ ವೋಲ್ಟೇಜ್ 120 ಎಂದಿರಲಿ. ಮುಮ್ಮುಖವಾಗಿ 200 ಆಂಪಿಯರ್ ಹರಿದಾಗ 3 ವೋಲ್ಟಿನ ಪರಿಹಾರ ಸೇರಿ ರೆಗ್ಯುಲೇಟರ್‌ನ ಹೊರಬದಿಯಲ್ಲಿ 123 ಇರುತ್ತದೆ. ಅದೇ ಅಂಕಿಯನ್ನು ಹಿಮ್ಮುಖಕ್ಕೂ ಇಟ್ಟರೆ, 200 ಆಂಪಿಯರ್ ಹಿಂದಕ್ಕೆ ಹರಿಯುವಾಗ ಹೊರಬದಿಯ ವೋಲ್ಟೇಜ್ 117ಕ್ಕೆ ಇಳಿಯುತ್ತದೆ. ದೂರದಲ್ಲಿರುವ ಸ್ಥಾವರದ ಬಳಿ ವೋಲ್ಟೇಜ್ ಏರುವುದನ್ನು ಇದು ತಗ್ಗಿಸುತ್ತದೆ, ಆ ಮಟ್ಟಿಗೆ ಒಳ್ಳೆಯದೇ. ಆದರೆ ಮುಮ್ಮುಖ ಅಂಕಿಯನ್ನು ಲೆಕ್ಕ ಹಾಕಿದ್ದು ಲೈನ್ ಉದ್ದಕ್ಕೂ ಹರಡಿದ ಲೋಡ್‌ನ ಕೇಂದ್ರಕ್ಕೆ. ಹಿಮ್ಮುಖ ಕರೆಂಟು ಬರುವುದು ಹೆಚ್ಚಾಗಿ ಯಾವುದೋ ಒಂದು ತುದಿಯ ಸ್ಥಾವರದಿಂದ. ಎರಡರ ದೂರವೂ ಬೇರೆ, ಮಾರ್ಗವೂ ಬೇರೆ. ಅಷ್ಟೇ ಅಲ್ಲ, ರೆಗ್ಯುಲೇಟರ್‌ನ ಮಗ್ಗುಲಿನಲ್ಲೇ ಕವಲೊಡೆದು ಹೋಗುವ, ಯಾವ ಉತ್ಪಾದನೆಯೂ ಇಲ್ಲದ ಶಾಖೆಯ ಗ್ರಾಹಕರಿಗೆ ಈ 117ರಿಂದಲೇ ವಿದ್ಯುತ್ ಹೊರಡುತ್ತದೆ, ಆ ಶಾಖೆಯ ಕೊನೆಯಲ್ಲಿ ವೋಲ್ಟೇಜ್ 114ಕ್ಕಿಂತ ಕೆಳಗಿಳಿಯಬಹುದು. ಆದ್ದರಿಂದ ಹಿಮ್ಮುಖದ ಎರಡು ಅಂಕಿಗಳನ್ನೂ ಮೊದಲು ಸೊನ್ನೆಯಲ್ಲಿಟ್ಟು, ಸ್ಥಾವರದ ಬಳಿಯೂ ಉತ್ಪಾದನೆಯಿಲ್ಲದ ಶಾಖೆಯ ಕೊನೆಯಲ್ಲೂ ಮಧ್ಯಾಹ್ನದ ವೋಲ್ಟೇಜ್ ಅಳೆದ ಬಳಿಕವೇ ಬೇಕಾದಷ್ಟು ಸೇರಿಸುವುದು ಸರಿಯಾದ ಕ್ರಮವೆಂದು ನಾನು ಭಾವಿಸುತ್ತೇನೆ.

ಇಲ್ಲಿ ಯಾವ ಹಿಮ್ಮುಖ ವಿಧಾನವೂ ಪರಿಹರಿಸಲಾರದ ಒಂದು ತೊಡಕನ್ನು ಹೇಳಲೇಬೇಕು. ಉತ್ಪಾದನೆ ಲೋಡಿಗಿಂತ ತುಸು ಕಡಿಮೆಯಿದ್ದಾಗ ಹರಿವು ಹಿಮ್ಮುಖವಾಗುವುದಿಲ್ಲ, ರೆಗ್ಯುಲೇಟರ್ ಮೂಲಕ ಹೋಗುವ ಕರೆಂಟು ಮಾತ್ರ ಬಹಳ ಕಡಿಮೆಯಾಗುತ್ತದೆ. ಲೈನ್ ಡ್ರಾಪ್ ಕಾಂಪೆನ್ಸೇಷನ್ ಆ ಸಣ್ಣ ಕರೆಂಟನ್ನು ನೋಡಿ, ಫೀಡರ್ ಖಾಲಿಯಿದೆ ಎಂದು ತಿಳಿದು ವೋಲ್ಟೇಜ್ ಇಳಿಸುತ್ತದೆ. ವಾಸ್ತವದಲ್ಲಿ ಲೋಡ್ ಪೂರ್ತಿ ಇದೆ, ಸೌರ ವಿದ್ಯುತ್ತು ಅದನ್ನು ಮರೆಮಾಡಿದೆ ಅಷ್ಟೆ. ಇದರ ಪೆಟ್ಟು ಬೀಳುವುದೂ ಉತ್ಪಾದನೆಯಿಲ್ಲದ ಶಾಖೆಯ ಮೇಲೆಯೇ. ಇಂಥ ಫೀಡರ್‌ಗಳಲ್ಲಿ ಪರಿಹಾರದ ಅಂಕಿಗಳನ್ನು ಕಡಿಮೆ ಮಾಡಿ ಸೆಟ್ ವೋಲ್ಟೇಜನ್ನು ಸ್ವಲ್ಪ ಏರಿಸುವುದು, ಜೊತೆಗೆ ಫಂಕ್ಷನ್ ಕೋಡ್ 80ರಿಂದ 82ರವರೆಗಿನ ವೋಲ್ಟೇಜ್ ಲಿಮಿಟರ್‌ನಲ್ಲಿ ಮೇಲ್ಮಿತಿ ಮತ್ತು ಕೆಳಮಿತಿಗಳನ್ನು ಹಾಕಿಡುವುದು ಒಳ್ಳೆಯದು. ಲಿಮಿಟರ್ ಅನ್ನು ಬಳಸದೆ ಬಿಡಲು ನನಗೆ ಯಾವ ಕಾರಣವೂ ಕಾಣುವುದಿಲ್ಲ.

ಹರಿವು ಹಿಮ್ಮುಖವಾಯಿತೆಂದು ನಿಯಂತ್ರಕ ನಿರ್ಧರಿಸುವ ಮಟ್ಟವನ್ನು ಫಂಕ್ಷನ್ ಕೋಡ್ 57ರಲ್ಲಿ ಕೊಡಬೇಕು. ಇದು ಕರೆಂಟ್ ಟ್ರಾನ್ಸ್‌ಫಾರ್ಮರ್ ಪ್ರೈಮರಿ ಮಟ್ಟದ ಶೇಕಡಾವಾರು ಅಂಕಿ. 400 ಆಂಪಿಯರ್ ಟ್ರಾನ್ಸ್‌ಫಾರ್ಮರ್‌ಗೆ ಶೇಕಡಾ 1 ಎಂದರೆ 4 ಆಂಪಿಯರ್. ಉತ್ಪಾದನೆ ಮತ್ತು ಲೋಡ್ ಹೆಚ್ಚುಕಡಿಮೆ ಸಮನಾಗಿರುವ ಫೀಡರ್‌ನಲ್ಲಿ ಮೋಡಗಳು ಬಂದು ಹೋಗುವ ದಿನ ಕರೆಂಟು ಈ 4 ಆಂಪಿಯರ್‌ನ ಗೆರೆಯನ್ನು ಹಲವು ಬಾರಿ ದಾಟುತ್ತದೆ. ಕೋ-ಜನರೇಷನ್‌ನಲ್ಲಿ ಹಿಮ್ಮುಖ ಅಂಕಿಗಳು ಸೊನ್ನೆಯಿದ್ದರೆ ಹೀಗೆ ದಾಟುವುದರಿಂದ ಅಷ್ಟೇನೂ ತೊಂದರೆಯಿಲ್ಲ, ಅಷ್ಟು ಸಣ್ಣ ಕರೆಂಟಿಗೆ ಪರಿಹಾರವೂ ಹೇಗೂ ಸೊನ್ನೆಯ ಹತ್ತಿರವೇ ಇರುತ್ತದೆ. ಉಳಿದ ವಿಧಾನಗಳಲ್ಲಿ ಹಾಗಲ್ಲ: ಪ್ರತಿ ಸಲ ದಾಟಿದಾಗಲೂ ನಿಯಂತ್ರಕದ ವರ್ತನೆಯೇ ಬದಲಾಗುತ್ತದೆ.

ರಿವರ್ಸ್ ಐಡಲ್ ಅನ್ನು ಸುರಕ್ಷಿತ ನಡುದಾರಿ ಎಂದು ಕೆಲವರು ಆರಿಸುತ್ತಾರೆ. ಹಿಮ್ಮುಖವಾದಾಗ ಟ್ಯಾಪ್ ಇದ್ದಲ್ಲೇ ನಿಲ್ಲುತ್ತದೆ, ಓಟಕ್ಕೆ ಅವಕಾಶವಿಲ್ಲ ಎಂಬುದು ನಿಜ. ಆದರೆ ಬೆಳಗಿನ ಲೋಡಿಗಾಗಿ ಟ್ಯಾಪ್ ಎಂಟನೆಯ ಹಂತಕ್ಕೆ, ಅಂದರೆ ಶೇಕಡಾ 5ರಷ್ಟು ಮೇಲಕ್ಕೆ ಹೋಗಿದ್ದು, ಬಿಸಿಲು ಬೇಗ ಏರಿ ಹರಿವು ಹಿಮ್ಮುಖವಾದರೆ, ಆ ಶೇಕಡಾ 5 ಅಲ್ಲಿಯೇ ಉಳಿಯುತ್ತದೆ. ಇಳಿಸುವ ಅಗತ್ಯ ಅತ್ಯಂತ ಹೆಚ್ಚಿರುವ ಹೊತ್ತಿನಲ್ಲೇ ರೆಗ್ಯುಲೇಟರ್ ಕೈಕಟ್ಟಿ ನಿಲ್ಲುತ್ತದೆ. ಹಿಮ್ಮುಖವಾದಾಗ ಟ್ಯಾಪನ್ನು ನ್ಯೂಟ್ರಲ್‌ಗೆ ತಂದು ನಿಲ್ಲಿಸುವ ನ್ಯೂಟ್ರಲ್ ಐಡಲ್ ಇದಕ್ಕಿಂತ ಸ್ವಲ್ಪ ಮೇಲು, ಅಷ್ಟೇ. ಲಾಕ್ಡ್ ರಿವರ್ಸ್ ಈ ಚರ್ಚೆಗೆ ಸಂಬಂಧಿಸಿದ್ದಲ್ಲ.

ಲಾಕ್ಡ್ ಫಾರ್ವರ್ಡ್ ಬಗ್ಗೆ ಎಚ್ಚರಿಕೆಯ ಮಾತೊಂದು ಬೇಕು. ಹೆಸರನ್ನು ನೋಡಿದರೆ, ಏನೇ ಆದರೂ ಮುಮ್ಮುಖವಾಗಿಯೇ ನಿಯಂತ್ರಿಸುತ್ತದೆ ಎಂದು ತೋರುತ್ತದೆ. ಕೆಲವು ತಯಾರಕರ ನಿಯಂತ್ರಕಗಳಲ್ಲಿ ಅದು ನಿಜವೂ ಹೌದು. ಆದರೆ ಹಿಮ್ಮುಖ ಕರೆಂಟು ಒಂದು ಸಣ್ಣ ಮಿತಿಯನ್ನು ದಾಟಿದ ಕೂಡಲೇ ರಕ್ಷಣೆಗಾಗಿ ಟ್ಯಾಪನ್ನು ನಿಲ್ಲಿಸಿಬಿಡುವ ನಿಯಂತ್ರಕಗಳೂ ಇವೆ. ಅಲ್ಲಿ ಈ ವಿಧಾನ ರಿವರ್ಸ್ ಐಡಲ್‌ನ ಹಾಗೆಯೇ ವರ್ತಿಸುತ್ತದೆ. ಆದ್ದರಿಂದ ಒಂದು ತಯಾರಕರ ಸೆಟ್ಟಿಂಗ್ ಹಾಳೆಯನ್ನು ಇನ್ನೊಬ್ಬರ ಸಾಧನಕ್ಕೆ ಹೆಸರು ಹೊಂದಿಸಿ ನಕಲು ಮಾಡುವುದು ಸಲ್ಲದು. ಕೈಪಿಡಿಯ ಆ ಪುಟವನ್ನು ಓದಿ, ಹಿಮ್ಮುಖ ಕರೆಂಟಿನಲ್ಲಿ ಟ್ಯಾಪ್ ಚಲಿಸುತ್ತದೆಯೋ ಇಲ್ಲವೋ ಎಂಬುದನ್ನು ಪರೀಕ್ಷಿಸಿಯೇ ನೋಡಬೇಕು.

ಹಾಗಾದರೆ ಸೌರ ಸ್ಥಾವರವೂ ಇದ್ದು, ಟೈ ಸ್ವಿಚ್ ಮೂಲಕ ಆಗಾಗ ಬೇರೆ ಸಬ್‌ಸ್ಟೇಷನ್‌ನಿಂದಲೂ ವಿದ್ಯುತ್ ಪಡೆಯುವ ಫೀಡರ್‌ಗೆ ಏನು ಮಾಡಬೇಕು? ಕೋ-ಜನರೇಷನ್ ವಿಧಾನದ ಕೊರತೆ ಇರುವುದು ಇಲ್ಲಿಯೇ. ನಿಜವಾಗಿಯೂ ಮೂಲ ಬದಲಾದಾಗ ಅದು ಲೋಡ್ ಬುಷಿಂಗ್ ಕಡೆಯನ್ನೇ, ಅಂದರೆ ಈಗ ಬಲವಾದ ಮೂಲವಿರುವ ಕಡೆಯನ್ನೇ ನಿಯಂತ್ರಿಸಲು ಹೋಗಿ, ಮೇಲೆ ವಿವರಿಸಿದ ಓಟವನ್ನೇ ಎದುರು ದಿಕ್ಕಿನಿಂದ ಓಡುತ್ತದೆ. ಇದಕ್ಕೆ ರಿಯಾಕ್ಟಿವ್ ಬೈ-ಡೈರೆಕ್ಷನಲ್ ವಿಧಾನ ಒಂದು ಉತ್ತರ ಕೊಡುತ್ತದೆ. ಯೂನಿಟಿ ಪವರ್ ಫ್ಯಾಕ್ಟರ್‌ನಲ್ಲಿ ನಡೆಯುವ ಇನ್ವರ್ಟರ್ ವಾಸ್ತವ ವಿದ್ಯುತ್ತನ್ನಷ್ಟೇ ಕೊಡುತ್ತದೆ. ಲೋಡಿಗೆ ಬೇಕಾದ ರಿಯಾಕ್ಟಿವ್ ವಿದ್ಯುತ್ತು (ಮೋಟಾರಿನಂಥ ಸಾಧನಗಳ ಕಾಂತಕ್ಷೇತ್ರಕ್ಕೆ ಬೇಕಾಗುವ, ತಾನು ಕೆಲಸ ಮಾಡದ ಭಾಗ) ಬರುವುದು ಸಬ್‌ಸ್ಟೇಷನ್‌ನಿಂದಲೇ. ಆದ್ದರಿಂದ ರಿಯಾಕ್ಟಿವ್ ಕರೆಂಟು ಯಾವ ಕಡೆಯಿಂದ ಬರುತ್ತಿದೆ ಎಂದು ನೋಡಿದರೆ ಬಲವಾದ ಮೂಲ ಯಾವ ಕಡೆ ಇದೆ ಎಂದು ತಿಳಿಯುತ್ತದೆ. ತರ್ಕ ಸೊಗಸಾಗಿದೆ. ಅದನ್ನು ಕೆಡಿಸುವುದು ರೆಗ್ಯುಲೇಟರ್‌ನ ಆಚೆಗಿರುವ ಕೆಪಾಸಿಟರ್ ಬ್ಯಾಂಕ್. ಲೋಡ್ ಕಡಿಮೆಯಿರುವ ಹೊತ್ತಿನಲ್ಲಿ ಸ್ಥಿರ ಕೆಪಾಸಿಟರ್‌ಗಳ ರಿಯಾಕ್ಟಿವ್ ವಿದ್ಯುತ್ತು ಸಬ್‌ಸ್ಟೇಷನ್ ಕಡೆಗೆ ಹರಿಯುತ್ತದೆ, ನಿಯಂತ್ರಕವು ಮೂಲ ಬದಲಾಗಿದೆ ಎಂದು ತಪ್ಪಾಗಿ ತಿಳಿಯುತ್ತದೆ. ವೋಲ್ಟ್-ವಾರ್ ಕಾರ್ಯವನ್ನು (ವೋಲ್ಟೇಜಿಗೆ ತಕ್ಕಂತೆ ರಿಯಾಕ್ಟಿವ್ ವಿದ್ಯುತ್ತನ್ನು ಬದಲಿಸುವುದನ್ನು) ಚಾಲೂ ಮಾಡಿದ ಇನ್ವರ್ಟರ್‌ಗಳೂ ಕಡಿಮೆ ವೋಲ್ಟೇಜಿನ ಹೊತ್ತಿನಲ್ಲಿ ರಿಯಾಕ್ಟಿವ್ ವಿದ್ಯುತ್ತನ್ನು ಹೊರಗೆ ಕೊಡಬಲ್ಲವು. ಕೆಪಾಸಿಟರ್ ಇಲ್ಲದ, ಇನ್ವರ್ಟರ್‌ಗಳ ಸೆಟ್ಟಿಂಗ್ ಗೊತ್ತಿರುವ ಫೀಡರ್‌ನಲ್ಲಿ ಮಾತ್ರ ಈ ವಿಧಾನವನ್ನು ನಾನು ಒಪ್ಪುತ್ತೇನೆ.

ಬೆಕ್ವಿತ್ ಎಲೆಕ್ಟ್ರಿಕ್ ಕಂಪನಿ ತನ್ನ ನಿಯಂತ್ರಕಗಳಲ್ಲಿ ಜನಪ್ರಿಯಗೊಳಿಸಿದ ಆಟೋ ಡಿಟರ್ಮಿನೇಷನ್ ಎಂಬ ಕ್ರಮ ಬೇರೆಯೇ ದಾರಿ ಹಿಡಿಯುತ್ತದೆ. ಟ್ಯಾಪ್ ಬದಲಾದಾಗ ಯಾವ ಕಡೆಯ ವೋಲ್ಟೇಜ್ ಅಲ್ಲಾಡಿತು ಎಂಬುದೇ ಅದರ ಸಾಕ್ಷ್ಯ: ಲೋಡ್ ಕಡೆ ಬದಲಾದರೆ ಮೂಲ ಇನ್ನೂ ಸಬ್‌ಸ್ಟೇಷನ್ ಕಡೆಯೇ ಇದೆ, ಸೋರ್ಸ್ ಕಡೆ ಬದಲಾದರೆ ಮೂಲ ತಿರುಗಿದೆ. ಹರಿವಿನ ದಿಕ್ಕಿನಿಂದ ಊಹಿಸುವ ಬದಲು ಬಲವನ್ನೇ ನೇರವಾಗಿ ಪರೀಕ್ಷಿಸುವ ಈ ತತ್ವ ನನಗೆ ಹೆಚ್ಚು ಸಮರ್ಪಕವೆನಿಸುತ್ತದೆ. ಆದರೆ ಇದಕ್ಕೆ ಎರಡೂ ಕಡೆಯ ವೋಲ್ಟೇಜ್ ತಿಳಿದಿರಬೇಕು. ಸೋರ್ಸ್ ಕಡೆಯ ವೋಲ್ಟೇಜನ್ನು ಅಳೆಯದೆ ಲೋಡ್ ವೋಲ್ಟೇಜ್ ಮತ್ತು ಟ್ಯಾಪ್ ಸ್ಥಾನದಿಂದ ಲೆಕ್ಕ ಹಾಕಿದರೆ, ಟ್ಯಾಪ್ ಸ್ಥಾನದ ಎಣಿಕೆ ಒಂದು ಹಂತ ತಪ್ಪಿದರೂ ಉತ್ತರದಲ್ಲಿ 0.75 ವೋಲ್ಟ್ ವ್ಯತ್ಯಾಸ ಬರುತ್ತದೆ. ನಿರ್ಧಾರಕ್ಕೆ ಬೇಕಾದ ವ್ಯತ್ಯಾಸವೂ ಅಷ್ಟೇ ಗಾತ್ರದ್ದು. ಬೈ-ಡೈರೆಕ್ಷನಲ್ ವಿಧಾನ ಬಳಸುವವರಿಗೂ ಈ ಮಾತು ಅನ್ವಯಿಸುತ್ತದೆ. ನಿರ್ವಹಣೆಯ ಭೇಟಿಯಲ್ಲಿ ಟ್ಯಾಪನ್ನು ನ್ಯೂಟ್ರಲ್ ಮೂಲಕ ಹಾಯಿಸಿ, ಪರದೆಯ ಅಂಕಿಗೂ ಟ್ಯಾಂಕ್ ಮೇಲಿನ ಮುಳ್ಳಿಗೂ ಹೊಂದಿಕೆಯಿದೆಯೇ ಎಂದು ನೋಡುವುದನ್ನು ಬಿಡಬಾರದು.

ಏಕ ಫೇಸ್ ರೆಗ್ಯುಲೇಟರ್‌ಗಳು ಮೂರು ಸೇರಿ ಒಂದು ಬ್ಯಾಂಕ್ ಆಗಿರುವಲ್ಲಿ ಪ್ರತಿ ನಿಯಂತ್ರಕವೂ ತನ್ನ ಫೇಸಿನ ಹರಿವನ್ನು ತಾನೇ ನೋಡಿ ನಿರ್ಧರಿಸುತ್ತದೆ. ಮೇಲ್ಛಾವಣಿ ಇನ್ವರ್ಟರ್‌ಗಳು ಒಂದೇ ಫೇಸಿನಲ್ಲಿ ಹೆಚ್ಚಿದ್ದರೆ ಆ ಒಂದು ಫೇಸ್ ಮಾತ್ರ ಹಿಮ್ಮುಖವಾಗಿ, ಮೂರು ಫೇಸುಗಳ ಟ್ಯಾಪ್‌ಗಳು ಬೇರೆ ಬೇರೆ ತರ್ಕದಲ್ಲಿ ನಡೆಯತೊಡಗುತ್ತವೆ, ಮೂರು ಫೇಸ್ ಮೋಟಾರುಗಳಿಗೆ ಅಸಮತೋಲನ ತಟ್ಟುತ್ತದೆ. ಮೂರು ರೆಗ್ಯುಲೇಟರ್‌ಗಳನ್ನು ಒಂದೇ ನಿಯಂತ್ರಕದಿಂದ ನಡೆಸಿ ಟ್ಯಾಪ್‌ಗಳನ್ನು ಒಟ್ಟಿಗೆ ಚಲಿಸುವಂತೆ ಮಾಡುವ ಅನುಕೂಲ ಸಿಎಲ್-7ರಲ್ಲಿ ಇದೆ. ಇಂಥ ಫೀಡರ್‌ಗಳಿಗೆ ಸಿಎಲ್-6ಕ್ಕಿಂತ ಅದನ್ನು ಆರಿಸಲು ಇದೊಂದೇ ಕಾರಣ ಸಾಕು.

ಸಾಲಾಗಿ ಎರಡು ರೆಗ್ಯುಲೇಟರ್‌ಗಳಿದ್ದರೆ ಸಬ್‌ಸ್ಟೇಷನ್‌ಗೆ ಹತ್ತಿರದ್ದಕ್ಕೆ 30 ಸೆಕೆಂಡು, ಮುಂದಿನದಕ್ಕೆ 45 ಎಂಬಂತೆ ಡಿಲೇ ಏರಿಸುವ ರೂಢಿಯಿದೆ. ಕೋ-ಜನರೇಷನ್‌ನಲ್ಲಿ ಈ ಕ್ರಮವನ್ನು ಬದಲಿಸುವ ಅಗತ್ಯವಿಲ್ಲ. ಮೋಡದ ನೆರಳಿಗೆ ತಕ್ಕಂತೆ ವೇಗವಾಗಿ ಓಡಲಿ ಎಂದು ಡಿಲೇ ಕಡಿಮೆ ಮಾಡುವುದು ಟ್ಯಾಪ್ ಚೇಂಜರ್‌ನ ಆಯುಸ್ಸನ್ನು ತಿನ್ನುತ್ತದೆ. ಆ ಕೆಲಸವನ್ನು ಇನ್ವರ್ಟರ್‌ನ ವೋಲ್ಟ್-ವಾರ್ ಕಾರ್ಯಕ್ಕೆ ಬಿಡುವುದೇ ಮೇಲು.

ಈ ಸಾಧನದ ಬಗ್ಗೆ ನನ್ನ ಆಕ್ಷೇಪವೆಂದರೆ ಫಂಕ್ಷನ್ ಕೋಡ್ 56ರ ಪರದೆಯಲ್ಲಿ ವಿಧಾನದ ಹೆಸರಿನ ಜೊತೆಗೆ ಅದು ಯಾವ ಬುಷಿಂಗ್ ಕಡೆಯನ್ನು ನಿಯಂತ್ರಿಸುತ್ತದೆ ಎಂಬ ಒಂದು ಸಾಲಿನ ವಿವರಣೆ ಇರಬೇಕಿತ್ತು. ಕಂಬದ ಬುಡದಲ್ಲಿ ನಿಂತು ಸೆಟ್ಟಿಂಗ್ ಬದಲಿಸುವ ಲೈನ್‌ಮ್ಯಾನ್ ಕೈಯಲ್ಲಿ ಕೈಪಿಡಿ ಇರುವುದಿಲ್ಲ. ಸಿಎಲ್-7 ಅನ್ನು ಕಂಪ್ಯೂಟರ್‌ನಲ್ಲಿ ಪ್ರೋವ್ಯೂ ಎನ್‌ಎಕ್ಸ್‌ಜಿ ತಂತ್ರಾಂಶದಿಂದ ಹೊಂದಿಸುವವರಿಗೆ ಎಲ್ಲ ಸೆಟ್ಟಿಂಗ್‌ಗಳೂ ಕಣ್ಣೆದುರಿಗೆ ಇರುವುದರಿಂದ ಅಷ್ಟು ಕಷ್ಟವಾಗದು.

ಟೈ ಸ್ವಿಚ್ ಇಲ್ಲದ ಅಥವಾ ಅಪರೂಪಕ್ಕೆ ಬಳಸುವ ಫೀಡರ್‌ಗೆ ಕೋ-ಜನರೇಷನ್ ವಿಧಾನದಲ್ಲಿ ಈ ನಿಯಂತ್ರಕಗಳನ್ನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. ಟೈ ಸ್ವಿಚ್ ಆಗಾಗ ಬಳಕೆಯಾಗುವಲ್ಲಿ, ಸ್ವಿಚ್ ಮುಚ್ಚುವ ಆದೇಶದ ಜೊತೆಗೇ ವಿಧಾನವನ್ನೂ ದೂರದಿಂದ ಬದಲಿಸುವ ಸ್ಕಾಡಾ (ದೂರ ನಿಗಾ ಮತ್ತು ನಿಯಂತ್ರಣ ವ್ಯವಸ್ಥೆ) ಸಂಪರ್ಕ ಇದ್ದರೆ ಮಾತ್ರ ಈ ಮಾತು ನಿಲ್ಲುತ್ತದೆ. ಆ ಸಂಪರ್ಕ ಇಲ್ಲದಿದ್ದರೆ, ಸ್ವಿಚಿಂಗ್ ಆದೇಶದ ನಮೂನೆಯಲ್ಲಿಯೇ ರೆಗ್ಯುಲೇಟರ್‌ನ ವಿಧಾನ ಬದಲಿಸುವ ಹೆಜ್ಜೆಯನ್ನು ಟೈ ಮುಚ್ಚುವ ಹೆಜ್ಜೆಗಿಂತ ಮೊದಲು, ಮತ್ತು ಅದನ್ನು ಮರಳಿ ಕೋ-ಜನರೇಷನ್‌ಗೆ ತರುವ ಹೆಜ್ಜೆಯನ್ನು ಟೈ ತೆರೆದ ನಂತರ ಸೇರಿಸಿ, ಎರಡಕ್ಕೂ ಸಹಿ ಪಡೆಯುವ ವ್ಯವಸ್ಥೆ ಮಾಡಿಕೊಳ್ಳಬೇಕು.